ಕುಲುಮೆಗೆ ಕೂತವರಿಗೆ ಏನು ಫಾಯ್ದೆ?

ನಿನ್ನೆ ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳದಲ್ಲಿ ನೀರು ಬಂದಿತ್ತು, ಇದ್ದಬದ್ದ ಕೊಡ ಬಕೆಟ್ಟುಗಳನ್ನೆಲ್ಲ ತುಂಬಿಸಿದೆ. ಫರಸಿ ಒರೆಸಿದೆ. ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ, ಮನೆಯವರ ಡಬ್ಬಿ ಕಟ್ಟಿದೆ. ತೊಗರಿಬೇಳೆಗೆ ಹುಳ ಬೀಳಬಾರದೆಂದು ಮಾಳಿಗೆ ಮೇಲೆ ಹರವಿ ಬಂದೆ. ದಿಂಬಿನ ಚೀಲ ಹರಿದಿತ್ತು, ಹೊಲಿಗೆ ಹಾಕಿದೆ. ಗ್ಯಾಸಿನವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕುಕ್ಕರು ಕೂಗುವುದನ್ನು ಕಾಯುತ್ತ ಅಡಿಗೆಕಟ್ಟೆಗೆ ಒರಗಿ ನಿಂತಾಗ ಫೋನು ಗುಂಯ್ ಅಂದಿತು. ಗ್ಯಾಸಿನವನೇ ಇರಬೇಕು ಅಂತ ಕೈ ಒರೆಸಿಕೊಂಡು ನೋಡಿದರೆ, ಸೇಡಂ ಹುಲಿ.

“ಅಕ್ಕೋರೆ, ಆರಾಮಿದ್ದೀರಿಲ್ಲ? ಆಟದಾಗ ಹೊಸ ಅಪ್‌ಡೇಟ್ ಬಂದದ. ನಿಮ್ಮ ಕಮ್ಮಾರಿಕಿ ಈಗ ಭಾಳ ಕೆಲಸಕ್ಕ ಬರ್ತದ. ನಮ್ಮ ದಂಡಿಗೆ ವಾಪಸ್ ಬಂದ್ಬಿಡ್ರಿ. ನಾಳೆನೇ ಡ್ರ್ಯಾಗನ್ ಹೊಡೀಬೇಕು.”

ಓದುತ್ತಿದ್ದಂತೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ಕುಕ್ಕರು ಎಷ್ಟು ಸಲ ಕೂಗಿತೋ ಲಕ್ಷ್ಯವಿಲ್ಲ. ಬೇಳೆ ಕರಗಿ ನೀರಾಯಿತು.

ಯಾವ ಹುಲಿ, ಯಾವ ಡ್ರ್ಯಾಗನ್ ಅಂತ ನೀವು ಗಾಬರಿಯಾಗಬೇಡಿ. ಇದು ಫೋನಿನಲ್ಲಿ ಆಡುವ ಆಟ. ಎಲ್ಲೆಲ್ಲೋ ಕೂತ ಮಂದಿ ಒಂದೇ ಕಾಡು ಕೋಟೆಗಳೊಳಗೆ ಒಬ್ಬೊಬ್ಬ ವೀರನಾಗಿ ಅಡ್ಡಾಡುತ್ತಾರೆ, ಮೈಕಿನಲ್ಲಿ ಮಾತಾಡಿಕೊಳ್ಳುತ್ತಾರೆ, ಗುಂಪು ಕಟ್ಟುತ್ತಾರೆ. ನಮ್ಮ ಗುಂಪಿನ ಹೆಸರು ಕಾಗಿಣಾ ದಂಡು. ಕಾಗಿಣಾ ಹೊಳೆಯ ನೀರು ಕುಡಿದವರೇ ಹೆಚ್ಚು ಅಂತ ಆ ಹೆಸರು. ವಾಡಿಯ ರೈಲ್ವೆಯವರು, ಚಿಂಚೋಳಿಯ ಮಾಸ್ತರರು, ಶಹಾಬಾದಿನ ನಾವು. ಸರದಾರ ಸೇಡಂ ಹುಲಿ. ಹಗಲು ಹೊತ್ತು ಬೀಜ-ಗೊಬ್ಬರದ ಅಂಗಡಿ ನಡೆಸುವ ಮನುಷ್ಯ. ಒಮ್ಮೆ ಚಿತ್ತಾಪುರದಲ್ಲಿ, ನನ್ನ ತವರಿನ ಕಡೆಯ ಮದುವೆಯಲ್ಲಿ ಯಾರೋ ತೋರಿಸಿದ್ದಕ್ಕೆ ದೂರದಿಂದ ಕಂಡಿದ್ದೆ, ಅವನು ನನ್ನನ್ನು ನೋಡಲಿಲ್ಲ. ಎಲೆ ಮುಂದೆ ಕೂತು, ಎರಡನೇ ಸಲ ಅನ್ನ ಕೇಳಲಿಕ್ಕೆ ನಾಚಿಕೊಂಡು ಬರೀ ಸಾರು ಕುಡಿದು ಎದ್ದ ಹುಲಿ ಅದು. ಆಟದಲ್ಲಿ ಮಾತ್ರ ಅವನ ಗರ್ಜನೆ ಕೇಳಬೇಕು.

ನನ್ನನ್ನು ಈ ಆಟಕ್ಕೆ ಎಳೆದವಳು ಪಕ್ಕದ ಮನೆಯ ನಸೀಮಾ ಆಪಾ. ನನಗಿಂತ ಸ್ವಲ್ಪ ಹಿರಿಯಳು, ಬ್ಲೌಸು ಹೊಲಿಯುವುದರಲ್ಲಿ ನಮ್ಮ ಓಣಿಗೇ ಹೆಸರುವಾಸಿ. ಕೆಲವು ವರ್ಷದ ಹಿಂದೆ ಹಸಿ ಫರಸಿ ಮೇಲೆ ಜಾರಿ ಕಾಲು ಮುರಿದುಕೊಂಡಳು. ಮಿಷನ್ ತುಳಿಯುವಂತಿರಲಿಲ್ಲ. ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಕೂಗು ಕೇಳಿಸಿತು.

“ವೈನೀ! ಲಗೂ ಬಾ! ನಾ ಈಗ ಒಂದು ತೋಳ ಕೊಂದೆ!”

ಆಪಾ ನನ್ನನ್ನು ಕರೆಯುವುದೇ ವೈನಿ, ಅಂದರೆ ಅತ್ತಿಗೆ, ಅಂತ. ಒಲೆ ಆರಿಸಿ ಓಡಿ ಹೋದೆ. ಪ್ಲಾಸ್ಟರು ಹಾಕಿದ ಕಾಲು ದಿಂಬಿನ ಮೇಲೆ, ಕೈಯಲ್ಲಿ ಫೋನು, ಮುಖದ ತುಂಬ ಯುದ್ಧ ಗೆದ್ದ ಕಳೆ. “ನೀನೂ ಹಾಕ್ಕೋ. ಇಬ್ಬರೂ ಕೂಡಿ ಕೊಲ್ಲೋಣು” ಅಂದಳು. ಕೊಲ್ಲುವುದು ನನ್ನ ಹಣೆಬರಹದಲ್ಲಿ ಇರಲಿಲ್ಲ ನೋಡಿ. ಮೊದಲ ದಿನವೇ ಒಂದು ಕಾಡುಹಂದಿ ನನ್ನನ್ನು ಕೆಡವಿ ಹೋಯಿತು. ಮರುದಿನ ಅದೇ ಹಂದಿ. ಮೂರನೇ ಸಲ ಅದು ನನ್ನ ಗುರುತು ಹಿಡಿದು ದೂರದಿಂದಲೇ ಓಡಿ ಬಂತು ಅಂತ ನನ್ನ ಅನುಮಾನ. ಆಪಾ ನಕ್ಕು ನಕ್ಕು ಕಾಲು ನೋವು ಮಾಡಿಕೊಂಡಳು.

ಹಂದಿಗೆ ಹೆದರಿ ಊರೊಳಗೆ ಹೊಕ್ಕಾಗ ಕಂಡದ್ದು ಕುಲುಮೆ. ಈ ಆಟದಲ್ಲಿ ಬಡಿದಾಡುವವರಿಗೆ ಒಂದು ದಾರಿ, ಕೈಕಸುಬಿನವರಿಗೆ ಇನ್ನೊಂದು. ಕಮ್ಮಾರಿಕೆ ಹಿಡಿದವರು ಗುಡ್ಡ ಅಗೆದು ಕಬ್ಬಿಣ ತರಬೇಕು, ಕಾಸಬೇಕು, ಬಡಿಯಬೇಕು. ಮೊದಲು ಮೊಳೆ, ಆಮೇಲೆ ಕುಡುಗೋಲು, ಆಮೇಲೆ ಗುರಾಣಿ, ಕವಚ. ಕಬ್ಬಿಣ ಯಾವ ಕೆಂಪಿಗೆ ಬಂದಾಗ ಬಡಿಯಬೇಕೋ ಆಗಲೇ ಬಡಿಯಬೇಕು. ಒಂದು ಉಸಿರು ತಡವಾದರೆ ಸುಟ್ಟುಹೋಗುತ್ತದೆ, ಒಂದು ಉಸಿರು ಮುಂಚೆಯಾದರೆ ಸೀಳುತ್ತದೆ. ಉಳಿದವರು ಇದಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು. ನನಗೇನೂ ಕಷ್ಟವಾಗಲಿಲ್ಲ. ಹಂಚು ಎಷ್ಟು ಕಾದರೆ ರೊಟ್ಟಿ ಉಬ್ಬುತ್ತದೆ ಅಂತ ಮುಖಕ್ಕೆ ಬಡಿಯುವ ಝಳದಲ್ಲೇ ತಿಳಿಯುವವಳಿಗೆ ಕಬ್ಬಿಣದ ಬಣ್ಣ ತಿಳಿಯದೆ?

ದಿನಾ ಸಂಜೆ ಕಟ್ಟೆ ಮೇಲೆ ಕೂತು ಮೊಳೆ ಬಡಿದೆ. ಯಾರಿಗೂ ಬೇಡದ ಮೊಳೆ. ಯಾರಿಗೂ ಬೇಡದ ಕುಡುಗೋಲು. ಆ ಆಟದೊಳಗೆ ಹೊಲವೇ ಇಲ್ಲ, ಕುಡುಗೋಲು ಯಾಕೆ ಮಾಡಿಸುತ್ತಾರೋ ಮಾಡಿಸಿದವರೇ ಬಲ್ಲರು. ಆದರೂ ಬಡಿದೆ. ಅದನ್ನು ಮಾಡದೆ ಮೇಲಿನ ಲೆವೆಲ್ ತೆರೆಯುವುದಿಲ್ಲ. ಮನೆಯವರು ಒಂದು ದಿನ ಬಗ್ಗಿ ನೋಡಿ, “ಇದರಾಗ ಫಾಯ್ದೆ ಏನು?” ಅಂದರು.

“ನೀವು ಕ್ರಿಕೆಟ್ ನೋಡ್ತೀರಲ್ಲ, ಅದರಾಗೇನು ಫಾಯ್ದೆ?” ಅಂದೆ.

ಟೀವಿಯ ಸಪ್ಪಳ ಏರಿಸಿದರು.

ಈ ‘ಫಾಯ್ದೆ’ ಅನ್ನುವ ಶಬ್ದ ಕೇಳಿದರೇ ನನಗೆ ಉರಿಯುತ್ತದೆ. ಉಪ್ಪಿನಕಾಯಿ ಹಾಕಿದರೆ ಕೇಳುತ್ತಾರೆ: ಅಂಗಡ್ಯಾಗ ಸಿಗ್ತದಲ್ಲ? ಕೌದಿ ಹೊಲಿದರೆ ಕೇಳುತ್ತಾರೆ: ರಗ್ಗು ಸಿಗ್ತದಲ್ಲ? ಕೇಳಿದವರೇ ಚಳಿ ಬಿದ್ದಾಗ ಕೌದಿಯ ಮೆತ್ತನ್ನ ಮಗ್ಗುಲು ಹುಡುಕಿ ಎಳೆದುಕೊಳ್ಳುತ್ತಾರೆ. ಇರಲಿ, ಆಟದ ಮಾತಿಗೆ ಬರೋಣ. ಕೈಕಸುಬನ್ನು ತುತ್ತತುದಿಯ ತನಕ ಕಲಿತರೆ ಫಾಯ್ದೆ ಉಂಟೋ ಅಂತ ಕೇಳುವವರಿಗೆ ನಾನೇ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ: ಇಲ್ಲ. ನೀವು ಸಂಜೆಯೆಲ್ಲ ಗುಡ್ಡ ಅಗೆದು ಮಾಡಿದ ಕತ್ತಿಗಿಂತ ಚಲೋ ಕತ್ತಿ ಒಬ್ಬ ಬಡಿದಾಟದವನಿಗೆ ಸತ್ತ ರಾಕ್ಷಸನ ಮಗ್ಗುಲಲ್ಲಿ ಬಿದ್ದು ಸಿಗುತ್ತದೆ. ನಡುವಿನ ಲೆವೆಲ್ಲಿನ ಸಾಮಾನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ, ಯಾಕೆಂದರೆ ಕಲಿಯುವವರೆಲ್ಲ ಅದನ್ನೇ ತಂದು ಸುರಿದಿರುತ್ತಾರೆ. ಅಂತೂ ತುದಿ ಮುಟ್ಟಿದಿರಿ ಅನ್ನಿ, ಅಷ್ಟರಲ್ಲಿ ಅಪ್‌ಡೇಟ್ ಬಂದು ತುದಿಯೇ ಇನ್ನಷ್ಟು ಮೇಲಕ್ಕೆ ಹೋಗಿರುತ್ತದೆ.

ನಾನು ತುದಿ ಮುಟ್ಟಿದೆ. ಪರದೆ ಮೇಲೆ ಬಂಗಾರದ ಅಕ್ಷರದಲ್ಲಿ ಮಹಾಕಮ್ಮಾರ ಅಂತ ಬಂತು. ಹೆಂಗಸು ಕಮ್ಮಾರಳಾದರೆ ಏನನ್ನಬೇಕೆಂದು ಆಟ ಮಾಡಿದವರಿಗೆ ಹೊಳೆದಿರಲಿಲ್ಲ. ನಾನು ಅದಕ್ಕೂ ಸಿಟ್ಟಾಗಲಿಲ್ಲ. ಆಪಾ ಅವತ್ತು ತಹರಿ ಅನ್ನ ಮಾಡಿ ಗೋಡೆ ಮೇಲಿಂದ ಕೊಟ್ಟಳು.

ಆಮೇಲೆ ಶುರುವಾಯಿತು. “ಅಕ್ಕೋರೆ, ಒಂದು ಕವಚ.” “ಅಕ್ಕೋರೆ, ನನ್ನ ಗುರಾಣಿ ಸೀಳ್ಯಾದ.” “ಅಕ್ಕೋರೆ, ಹುಲಿಗಿ ಮಾಡಿ ಕೊಟ್ಟೀರಿ, ನಮಗ ಇಲ್ಲೇನು?” ದಂಡಿಗೆ ದಂಡೇ ನನ್ನ ಕುಲುಮೆ ಮುಂದೆ. ನಾನು ಮಾಡಿ ಕೊಟ್ಟೆ, ಏನೂ ಕೇಳದೆ. ಬುದ್ಧಿಗೇಡಿ ಅನ್ನಬೇಡಿ, ನನಗೆ ಗೊತ್ತಿದ್ದ ಲೋಕದ ನಡೆಯೇ ಹಾಗೆ. ನಮ್ಮ ಓಣಿಯಲ್ಲಿ ಪಕ್ಕದ ಮನೆಯಿಂದ ಬಟ್ಟಲು ಬಂದರೆ ಬರಿದು ಮಾಡಿ ಕಳಿಸುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸುತ್ತೇವೆ. ಕವಚ ಕೊಂಡುಹೋದವನು ಬರುವಾಗ ಗುಡ್ಡದಿಂದ ನಾಲ್ಕು ಕಬ್ಬಿಣದ ಗಟ್ಟಿ ತಂದಾನು, ಇಲ್ಲ ಇದ್ದಿಲು ತಂದಾನು ಅಂತ ಕಾದೆ. ಬಂದದ್ದು ಕೈಮುಗಿದ ಚಿತ್ರ. ಯಾರನ್ನು ನೋಡಿದರೂ ಕೈಮುಗಿದ ಚಿತ್ರ. ಅದನ್ನು ಕುಲುಮೆಗೆ ಹಾಕಿದರೆ ಉರಿಯುತ್ತದೆಯೆ?

ದೊಡ್ಡ ಡ್ರ್ಯಾಗನ್ ಹೊಡೆಯುವ ದಿನ ಬಂತು. ಮಧ್ಯಾಹ್ನವೆಲ್ಲ ಕೂತು ಒಬ್ಬೊಬ್ಬರ ಕವಚದ ಬಿರುಕು ಮುಚ್ಚಿದೆ. ಗುಹೆಯ ಬಾಗಿಲಲ್ಲಿ ನನ್ನನ್ನು ತಡೆದರು. ಬಡಿದಾಡುವ ಬಲ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲವಂತೆ. ಆಗಲಿ, ಹೊರಗೆ ನಿಂತೆ. ಒಳಗಿನ ಕೂಗಾಟ ಮೈಕಿನಲ್ಲಿ ಕೇಳುತ್ತಿತ್ತು. ಎಲ್ಲರಿಗಿಂತ ಜೋರು ನಮ್ಮ ಆಪಾನದು: “ಬಾಲ ಹಿಡೀರಿ ಅದರದ್ದು, ಬಾಲ!” ಗೆದ್ದರು. ಹುಲಿಗೆ ಬಂಗಾರದ ಕತ್ತಿ ಸಿಕ್ಕಿತು. ಹೊರಗೆ ಬಂದು, ಗಂಟಲು ಸರಿಮಾಡಿಕೊಂಡು ಹೇಳಿದ:

“ದಂಡಿನಾಗ ಜಾಗ ಕಮ್ಮಿ ಅದ. ಬಡಿದಾಡೋ ಮಂದಿ ಭಾಳ ಕಾಯ್ಲಿಕತ್ತಾರ. ಅಕ್ಕೋರೆ, ತಪ್ಪು ತಿಳೀಬ್ಯಾಡ್ರಿ. ಕೈಕಸುಬಿನವರಿಗಿ ಸ್ವಲ್ಪ ದಿನ ಹೊರಗ ಇಡ್ತೀವಿ.”

ನಾನು ಬಾಯಿ ತೆರೆಯುವುದರೊಳಗೆ ಪರದೆ ಮೇಲೆ ಒಂದು ಸಾಲು ಬಂತು. ನೀವು ಈಗ ಈ ದಂಡಿನಲ್ಲಿಲ್ಲ. ಅಷ್ಟೇ. ಆ ಮಾತು ಹೇಳುವಾಗ ಅವನು ಮೈಮೇಲೆ ತೊಟ್ಟದ್ದು ನಾನು ಬಡಿದ ಕವಚ, ತೋಳಿಗೆ ನಾನು ಬಡಿದ ಗುರಾಣಿ. ಒಳಗೆ ಬೆಂಕಿಯುಂಡೆ ಬಿದ್ದಾಗ ಸುಡದೆ ಉಳಿದದ್ದು ಯಾವುದರಿಂದ ಅಂತ ಒಬ್ಬನಾದರೂ ಕೇಳಬೇಕಲ್ಲ? ಚಿಂಚೋಳಿ ಮಾಸ್ತರರು? ವಾಡಿಯವರು? ಎಲ್ಲರೂ ಗಪ್‌ಚುಪ್.

ಆಪಾ ಕೂಡ ಗಪ್. ನನಗೆ ಅದೇ ಹೆಚ್ಚು ಚುಚ್ಚಿತು. ಮರುದಿನ ಗೋಡೆಯ ಬಳಿ ಹಿಡಿದು ಕೇಳಿದೆ: “ನಿನಗ ಒಂದು ಮಾತು ಆಡ್ಲಿಕ್ಕ ಆಗಲಿಲ್ಲೇನು ಆಪಾ?”

“ಆಡಿ ಏನು ಮಾಡ್ಲಿ?” ಅವಳೂ ಸಿಟ್ಟಿನಲ್ಲೇ ಇದ್ದಳು. “ನೀ ಫುಕಟ್ ಹಂಚಿದಿ. ನಾ ಓಣಿ ಮಂದಿಗೆಲ್ಲ ಫುಕಟ್ ಬ್ಲೌಸ್ ಹೊಲಿದು ಕೊಟ್ರ ನನಗ ಟೇಲರ್ ಅಂತಾರೇನು? ಖಾಲಿ ಕೂತಾಳ, ಹೊಲೀತಾಳ ಅಂತಾರ.”

“ಬಟ್ಟಲು ಬರಿದು ಕಳಸಬಾರದು ಅಂತ ಅವರಿಗಿ ಗೊತ್ತಿಲ್ಲೇನು?”

“ಅದು ಗೋಡಿ ಆ ಕಡಿ ಈ ಕಡಿ ಇರೋರ ಮಾತು ವೈನಿ. ಅವರು ನಿನ್ನ ಮುಖಾನೇ ನೋಡಿಲ್ಲ. ಯಾರ ಬಟ್ಟಲು, ಯಾರ ಮನಿ?”

ಅವಳ ಮಾತು ಸರಿ ಇದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಎಷ್ಟೋ ದಿನ ಮಾತು ಬಿಟ್ಟೆವು. ಆಮೇಲೆ ಅವಳ ಮಿಷನ್ನಿನ ಪಟ್ಟಿ ಹರಿದದ್ದೋ, ನಮ್ಮ ಮನೆಯ ಸೊಡರೆಣ್ಣೆ ತೀರಿದ್ದೋ, ಏನೋ ಒಂದು ನೆಪದಿಂದ ಮತ್ತೆ ಕೂಡಿಬಿಟ್ಟೆವು. ಆದರೆ ನಾನು ಆ ಆಟ ತೆರೆಯಲಿಲ್ಲ.

ಈಗ ನೋಡಿದರೆ ಹುಲಿಯ ಕರೆ. ಹೊಸ ಅಪ್‌ಡೇಟಿನಲ್ಲಿ ಬಿದ್ದು ಸಿಕ್ಕ ಕವಚ, ಸಂತೆಯಲ್ಲಿ ಕೊಂಡ ಕವಚ, ಹಳೆಯ ಕವಚ ಎಲ್ಲ ಡ್ರ್ಯಾಗನ್ನಿನ ಬೆಂಕಿಗೆ ಕರಗುತ್ತದಂತೆ. ಮಹಾಕಮ್ಮಾರರು ಹೊಸದಾಗಿ ಬಡಿದು ಕೊಟ್ಟ ಕವಚ ಮಾತ್ರ ತಡೆಯುತ್ತದಂತೆ. ದಂಡಿನಲ್ಲಿ ಒಬ್ಬ ಮಹಾಕಮ್ಮಾರನೂ ಉಳಿದಿಲ್ಲ. ಹೊರಗೆ ಹಾಕಿದವರಿಗೆ ತೆರೆದ ಬಾಗಿಲು ತೋರಿಸಿ ‘ಬಂದ್ಬಿಡ್ರಿ’ ಅನ್ನುತ್ತಾರಲ್ಲ, ಆ ‘ಬಿಡ್ರಿ’ ನೋಡಿ! ನಾನೇ ಮುನಿಸಿಕೊಂಡು ಹೋಗಿದ್ದೆನೋ ಅನ್ನುವ ಹಾಗೆ.

ಆಪಾ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು. ಅವಳಿಗೂ ಅವನು ಗಂಟುಬಿದ್ದಿದ್ದನಂತೆ, ನಿಮ್ಮ ವೈನಿಗೆ ಹೇಳ್ರಿ ಅಂತ. “ಈಗ ರೇಟ್ ಹೇಳು” ಅಂದಳು. “ಎಷ್ಟು ಕೇಳಿದ್ರೂ ಕೊಡ್ತಾನ. ಅಡಕತ್ತರಿನಾಗ ಸಿಕ್ಕಾನ.”

ಯೋಚನೆ ಮಾಡಿದೆ. ದರ ಹೇಳಿದರೆ ಕೊಟ್ಟುಬಿಡುತ್ತಾನೆ. ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಸುಮ್ಮನೆ ಮಾಡಿ ಕೊಟ್ಟರೆ ಮತ್ತೆ ಕೈಮುಗಿದ ಚಿತ್ರ. ಬರುವುದಿಲ್ಲ ಅಂದರೆ ನನ್ನ ಕೈಯ ವಿದ್ಯೆ ಫೋನಿನೊಳಗೇ ತುಕ್ಕು ಹಿಡಿಯುತ್ತದೆ. ಮೂರೂ ಬೇಡ ಅನ್ನಿಸಿತು. ಕನ್ನಡಕ ಹಾಕಿಕೊಂಡು ಬರೆದೆ: “ದಂಡಿಗೆ ಬರೂದಿಲ್ಲ. ನಿಮಗ ಕವಚ ಬೇಕಾದ್ರ ಸಂಜಿಕಿ ನೀವೇ ನನ್ನ ಕುಲುಮಿಗಿ ಬರ್ರಿ. ಕಬ್ಬಿಣ ನೀವೇ ಅಗೆದು ತರ್ರಿ. ಮೊಳಿಯಿಂದ ಕಲಸ್ತೀನಿ.”

“ಬರೂದಿಲ್ಲ ಅವ” ಅಂದಳು ಆಪಾ.

ದೀಪ ಹಚ್ಚುವ ಹೊತ್ತಿಗೆ ಪರದೆ ಮೇಲೆ ಬಂದ. ಮೈತುಂಬ ಚಿನ್ನ, ತಲೆಗೆ ಕೊಂಬಿನ ಕಿರೀಟ, ಬೆನ್ನಿಗೆ ಕಬ್ಬಿಣದ ಮೂಟೆ. ನಾನೂ ಆಪಾನೂ ಎಷ್ಟೋ ದಿನದ ಮೇಲೆ ಆಟ ತೆರೆದು, ಕಟ್ಟೆ ಮೇಲೆ ಒಂದೇ ಫೋನಿಗೆ ತಲೆ ಕೂಡಿಸಿ ಕೂತಿದ್ದೆವು.

“ಅಕ್ಕೋರೆ, ಗಿರಾಕಿ ಬರೋ ಟೈಮ್ ಅದ. ಲಗೂ ಮುಗಸ್ರಿ.”

“ಮುಗಸೋದು ನಾನಲ್ಲ, ನೀವು. ಕತ್ತಿ ಕೆಳಗಿಡ್ರಿ. ಕತ್ತಿ ಇದ್ದ ಕೈಗಿ ಸುತ್ತಿಗಿ ಬರೂದಿಲ್ಲ.”

“ಇಲ್ಲಿಟ್ರ ಯಾರರೆ ಒಯ್ದಾರು?”

“ಹುಲಿಗಿ ಹೆದರಿಕಿ ನೋಡು!” ಆಪಾ ಮೈಕಿಗೆ ಕೇಳುವ ಹಾಗೆಯೇ ಅಂದಳು.

ಇಟ್ಟ. ಮೊದಲನೆಯ ಕಬ್ಬಿಣ ಸುಟ್ಟ. ಎರಡನೆಯದನ್ನು ಅವಸರಪಟ್ಟು ಕಾಯುವ ಮೊದಲೇ ಬಡಿದು ಸೀಳಿದ. ಮತ್ತೆ ಸುಟ್ಟ. ಮೂಟೆ ಕರಗುತ್ತ ಬಂತು. ನಾನು ಬಣ್ಣ ಮಾತ್ರ ಹೇಳುತ್ತಿದ್ದೆ, “ಇನ್ನಾ ಇಲ್ಲ... ಇನ್ನಾ ಇಲ್ಲ...” ಮೈಕಿನಲ್ಲಿ ಅವನ ಅಂಗಡಿಯ ಸಪ್ಪಳ ಬರುತ್ತಿತ್ತು, ಯಾರೋ ಹೆಸರುಕಾಳಿನ ಬೀಜ ಕೇಳಿದರು, “ನಿಂದರಪಾ ಸ್ವಲ್ಪ” ಅಂತ ಅವರಿಗೇ ಗದರಿದ.

“ಇದು ಭಾಳ ಬ್ಯಾಸರದ ಕೆಲಸ ಅದ್ರಿ ಅಕ್ಕೋರೆ” ಅಂದ ಕಡೆಗೆ.

“ಅದ.”

“ನಿಮಗ ಬ್ಯಾಸರ ಆಗ್ತಿರಲಿಲ್ಲೇನು?”

“ಇದು ಅವತ್ತು ಕೇಳೋ ಮಾತಾಗಿತ್ತು.”

ಆಪಾ ನನ್ನ ತೊಡೆ ಚಿವುಟಿದಳು. ಆಮೇಲೆ ಸುತ್ತಿಗೆಯ ಸಪ್ಪಳ ಕೇಳಿತು, ಈ ಸಲ ನಿಧಾನ. ಕೆಂಪು ಏರಿತು. ನಾನು ಬಣ್ಣ ಹೇಳಲಿಲ್ಲ. ಅವನೇ ಕಾದ, ಅವನೇ ಬಡಿದ. ಪರದೆ ಮೇಲೆ ಒಂದು ಸೊಟ್ಟ ಮೊಳೆ ಬಂತು, ಅದರ ಕೆಳಗೆ ಮಾಡಿದವರ ಹೆಸರು.

“ಅಕ್ಕೋರೆ! ಆತು! ನೋಡ್ರಿ, ನನ್ನ ಹೆಸರು ಬಂದದ!” ಡ್ರ್ಯಾಗನ್ ಕೊಂದ ದಿನವೂ ಅವನ ದನಿ ಹಾಗಿರಲಿಲ್ಲ. ಅಂಗಡಿಯಲ್ಲಿದ್ದ ಗಿರಾಕಿಗೂ ತೋರಿಸಿದ ಅಂತ ಕಾಣುತ್ತದೆ, “ಏನ್ರೀ ಅದು, ಮುಳ್ಳೇನು?” ಅಂತ ಆ ಮನುಷ್ಯ ಕೇಳಿದ್ದು ನಮಗೂ ಕೇಳಿಸಿತು.

ನನ್ನ ಸಿಟ್ಟು ಹೋಯಿತು ಅಂತ ಹೇಳಲಾರೆ. ನಿಂತಿದ್ದ ಸಿಟ್ಟು ಕೂತುಕೊಂಡಿತು, ಅಷ್ಟೇ.

“ಈಗ ಕವಚ ಮಾಡಿ ಕೊಡ್ತೀರಿಲ್ಲ?” ಅಂದ.

“ಈಗ ಇನ್ನೊಂದು ಮೊಳಿ.”

“ಡ್ರ್ಯಾಗನ್ ನಾಳೆನೇ ಅದರಿ!”

“ಎಲ್ಲಿ ಹೋಗ್ತದ ಅದು? ಕಾಯ್ತದ. ಕಬ್ಬಿಣ ಕಾಸ್ರಿ.”

ಬೈದುಕೊಳ್ಳುತ್ತಲೇ ಕಾಸಿದ.

ಊಟಕ್ಕೆ ಪುಂಡಿಪಲ್ಯ, ಬೆಳಗಿನ ರೊಟ್ಟಿ, ಶೇಂಗಾಹಿಂಡಿ. ಆಪಾ ಇಲ್ಲೇ ಉಂಡು ಮನೆಗೆ ಹೋದಳು. ಮನೆಯವರು ಎರಡು ಸಲ ಪಲ್ಯ ಹಾಕಿಸಿಕೊಂಡು, ಹುಲಿ ಎಷ್ಟು ಮೊಳೆ ಮಾಡಿದ ಅಂತ ಕೇಳಿದರು, ಎಣಿಸಲಿಲ್ಲ ಅಂದೆ. ಅವರು ಟೀವಿ ಮುಂದೆ ಕೂತೇ ಇದ್ದರು, ಆಪಾನ ಮನೆಯಲ್ಲಿ ಮಿಷನ್ ಸಪ್ಪಳ ಇನ್ನೂ ಇತ್ತು. ಮೊದಲು ನಿದ್ದೆ ಹೋದವಳು ನಾನು.