ಬಿಳಿ ಬಟ್ಟೆಯ ಗಂಟು

ನನಗೆ ಗೆದ್ದಲಿನ ಹೆದರಿಕೆ ಇತ್ತು, ಮಳೆಗಾಲದ ಬೂಷ್ಟಿನ ಹೆದರಿಕೆ ಇತ್ತು. ಹೆತ್ತ ಉಮ್ಮನ ಹೆದರಿಕೆ ಇರಲಿಲ್ಲ. ಇರಬೇಕಿತ್ತು.

ಮುತ್ತಜ್ಜ ಕೈಯಾರೆ ಬರೆದ ಒಂದು ಕಿತಾಬು ನಮ್ಮ ಮನೆಯಲ್ಲಿದೆ. ಹೆರಿಗೆ ನೋವು ಶುರುವಾದರೆ ಹೆಂಗಸರು ಸುತ್ತ ಕೂತು ಹೇಳುವ ಹಾಡುಗಳು. ಭಾಷೆ ಮಲಯಾಳ, ಲಿಪಿ ಅರಬಿ. ನಾನು ಹುಟ್ಟುವಾಗಲೂ ಅದನ್ನೇ ಓದಿದ್ದರಂತೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಹಳೆಯ ಪುಸ್ತಕಗಳನ್ನು ಉಳಿಸುವ ಕೆಲಸದವರೊಬ್ಬರು ಬಂದು ಪುಟಪುಟದ ಫೋಟೋ ತೆಗೆಯಲು ಒಪ್ಪಿದ್ದರು. ಅಲ್ಲಿಯವರೆಗೆ ಪ್ಲಾಸ್ಟಿಕ್ಕಿನಲ್ಲಿ ಇಡಬೇಡಿ, ಒಗೆದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ ಎಂದಿದ್ದರು. ಹಾಗೆಯೇ ಸುತ್ತಿ, ದಾರ ಕಟ್ಟಿ, ಕಪಾಟಿನ ಮೇಲಿಟ್ಟು ಪಾಠ ಮಾಡಲು ಶಾಲೆಗೆ ಹೋದೆ.

ಸಂಜೆ ಬಂದು ನೋಡಿದರೆ ಗಂಟು ಇಲ್ಲ.

"ಮಸೀದಿಗೆ ಕೊಟ್ಟೆ. ನೀನು ಕಟ್ಟಿಟ್ಟದ್ದು ಅದಕ್ಕೇ ಅಲ್ವಾ?" ಎಂದರು ಉಮ್ಮ, ಅಕ್ಕಿ ಆರಿಸುತ್ತಾ.

ಅವರನ್ನು ಬೈಯುವ ಹಾಗಿರಲಿಲ್ಲ. ರಂಜಾನಿನ ನೋಂಬಿಗೆ ಮೊದಲು ಮನೆ ತೊಳೆಯುವಾಗ ಹರಿದ ಕುರ್‌ಆನ್ ಹಾಳೆ, ಹಳೆಯ ಮದರಸ ಪುಸ್ತಕಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮಸೀದಿಗೆ ಕೊಡುವುದು ನಮ್ಮ ಕ್ರಮ. ದೇವರ ಹೆಸರಿರುವ ಕಾಗದ ಕಾಲಡಿಗೆ ಬೀಳಬಾರದು. ನಮಾಜಿಗೆ ಬಾಂಗ್ ಕೊಡುವ ಮುಕ್ರಿ ಅವನ್ನು ಚೀಲಕ್ಕೆ ತುಂಬಿ, ಕಲ್ಲು ಕಟ್ಟಿ, ಶಿರಿಯ ಹೊಳೆ ಕಡಲಿಗೆ ಸೇರುವಲ್ಲಿ ಮುಳುಗಿಸಿ ಬರುತ್ತಾರೆ.

"ಮುಳುಗಿಸುವುದು ಯಾವಾಗ?"

"ಇವತ್ತೇ. ಎಂತ ಆಯ್ತು ನಿನಗೆ? ಮುಖ ಯಾಕೆ ಹಾಗೆ?"

ಮುಕ್ರಿಗೆ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವವರಿಲ್ಲ. ಸ್ಕೂಟರ್ ಹತ್ತಿ ಹೊಳೆಯ ಕಡೆ ಹೊರಟೆ. ದಾರಿಯುದ್ದಕ್ಕೂ ಕಿತಾಬಿನ ಕಂದು ಶಾಯಿ ನೀರಿನಲ್ಲಿ ಕರಗಿಹೋಗುವುದೇ ಕಣ್ಣ ಮುಂದೆ.

ನಾನು ತಲುಪುವಷ್ಟರಲ್ಲಿ ದೋಣಿ ಒಂದು ಸಲ ಹೋಗಿ ಬಂದಾಗಿತ್ತು. ದಡದಲ್ಲಿ ಎರಡು ಚೀಲ ಉಳಿದಿದ್ದವು. ಕೇಳದೆಯೇ ಒಂದರ ಬಾಯಿ ಬಿಚ್ಚಿದೆ.

"ಹಾಗೆಲ್ಲ ಬಿಚ್ಚಬಾರದು ಮೋಳೇ," ಎಂದು ಮುಕ್ರಿ ಗಾಬರಿಯಾದರು. ಬಿಚ್ಚಿದೆ. ಮೊದಲನೆಯದರಲ್ಲಿ ಇರಲಿಲ್ಲ. ಎರಡನೆಯದರಲ್ಲಿ, ಕಲ್ಲಿಗೆ ಒತ್ತಿಕೊಂಡು, ನನ್ನ ಗಂಟು ಇತ್ತು. ಅಲ್ಲೇ ಮರಳಿನ ಮೇಲೆ ಕುಸಿದು ಅತ್ತುಬಿಟ್ಟೆ.

"ಸಿಕ್ಕಿತಲ್ಲ! ಇನ್ನೆಂತಕ್ಕೆ ಅಳುವುದು?"

ಹೊರಗೆಳೆದಿದ್ದ ಬೇರೆ ಗಂಟುಗಳನ್ನು ಮತ್ತೆ ತುಂಬಲು ಕೈಹಾಕಿದೆ. ಒಂದರ ದಾರ ಸಡಿಲಿತ್ತು. ಒಳಗಿದ್ದದ್ದು ಅಚ್ಚಿನ ಪುಸ್ತಕವಲ್ಲ. ಯಾರದೋ ಕೈಬರಹ, ಅದೇ ಕಂದು ಶಾಯಿ. ಅದರ ಕೆಳಗಿನ ಗಂಟಿನಲ್ಲೂ ಕೈಬರಹ.

"ಈಗಷ್ಟೇ ಮುಳುಗಿಸಿದ ಚೀಲಗಳಲ್ಲಿ ಎಂತ ಇತ್ತು? ಹೋದ ವರ್ಷದ್ದರಲ್ಲಿ?" ಎಂದು ಕೇಳಿದೆ.

"ದೇವರಿಗೆ ಒಪ್ಪಿಸುವುದನ್ನು ಯಾರಾದರೂ ಬಿಚ್ಚಿ ನೋಡ್ತಾರಾ?" ಎಂದರು ಅವರು. ಆ ಮಾತಿನಲ್ಲಿದ್ದದ್ದು ಶುದ್ಧ ಭಕ್ತಿ. ಬರುವಾಗ ಇದ್ದದ್ದಕ್ಕಿಂತ ದೊಡ್ಡ ಹೆದರಿಕೆ ನನಗೆ ಆಗ ಹುಟ್ಟಿತು.

ಮುಕ್ರಿ ಚೀಲ ಎತ್ತಲು ಬಗ್ಗಿದರು. ನಾನು ಎದ್ದು ಚೀಲಕ್ಕೂ ದೋಣಿಗೂ ನಡುವೆ ನಿಂತೆ.