ಏಳು ಬಕೆಟ್, ಒಂದು ಗಂಡು

ಆ ಭಾನುವಾರ ನಾವಿಬ್ಬರೂ ತಾರಸಿಯ ಮೇಲೆ ಮಾಡಹಾಗಲದ ಗೆಡ್ಡೆಗಳನ್ನು ಬಕೆಟಿನಿಂದ ತೆಗೆದು, ಹೊಸ ಮಣ್ಣು ತುಂಬಿಸಿ, ಮತ್ತೆ ನೆಡುತ್ತಿದ್ದೆವು. ಜನವರಿ ತಿಂಗಳು. ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ಬಳ್ಳಿ ಒಣಗುತ್ತದೆ, ಗೆಡ್ಡೆ ಮಣ್ಣಿನೊಳಗೆ ಮಲಗಿರುತ್ತದೆ, ಮೇ ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಒಟ್ಟು ಏಳು ಬಕೆಟ್. ಎಲ್ಲವೂ ಬಿಳಿಯ ಪೈಂಟ್ ಬಕೆಟ್‌ಗಳೇ. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದಾಗ ನಾನೇ ಒಂದೊಂದಾಗಿ ತಂದು, ಅಡಿಯಲ್ಲಿ ಒಂದೇ ಅಳತೆಯ ಐದೈದು ತೂತು ಕೊರೆದು ನನ್ನ ಹೆಂಡತಿಗೆ ಕೊಟ್ಟಿದ್ದೆ.

"ಇದು ಗಂಡು. ನೆನಪಿಟ್ಟುಕೊಳ್ಳಿ," ಎಂದು ಅವಳು ಒಂದು ಬಕೆಟನ್ನು ತಟ್ಟಿದಳು. "ಆರು ಹೆಣ್ಣಿಗೆ ಇದೊಂದೇ."

"ಒಂದು ಚೀಟಿ ಕಟ್ಟು ಮಾರಾಯ್ತಿ. ತೋಟದಲ್ಲಿ ದಿನಾ ಕಟ್ತಿ ಅಲ್ವಾ?"

"ಅಲ್ಲಿ ಸಂಬಳ ಕೊಡ್ತಾರೆ, ಕಟ್ತೇನೆ. ಮನೆಯಲ್ಲಿ ಎಂತ ಚೀಟಿ? ನಾಳೆ ನಿಮ್ಮ ಕೊರಳಿಗೂ ಒಂದು ಕಟ್ಟಬೇಕಾ, ಇದು ಗಂಡು ಅಂತ?"

ನಾನು ನಕ್ಕೆ. ಅವಳು ಯಾವ ಬಕೆಟನ್ನು ತಟ್ಟಿದಳೆಂದು ನೋಡಲಿಲ್ಲ. ಮಧ್ಯಾಹ್ನ ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದಳು. ಊಟ ಮಾಡಿ ಇಬ್ಬರೂ ಮಲಗಿದೆವು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಅವಳು ಕೆಲಸ ಮಾಡುತ್ತಿದ್ದದ್ದು ನಗರದ ಹೊರಗಿನ ಒಂದು ತರಕಾರಿ ಸಂಶೋಧನಾ ತೋಟದಲ್ಲಿ. ಓದಿದ್ದು ಏಳನೆಯ ತರಗತಿ. ಬದನೆಯ ಮೊಗ್ಗು ಅರಳುವ ಮೊದಲೇ ಬಿಡಿಸಿ, ಚಿಮಟದಿಂದ ಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ, ತೆಳು ಕಾಗದದ ಚೀಲ ಹಾಕಿ, ತಾಯಿ ಯಾರು, ತಂದೆ ಯಾರು ಎಂದು ಚೀಟಿ ಕಟ್ಟುವುದು ಅವಳ ಕೆಲಸ. ಅವಳು ಮುಟ್ಟಿದ ಹೂವು ಉದುರುವುದೇ ಇಲ್ಲ ಎಂದು ಅಲ್ಲಿಯ ಮೇಡಂ ಹೇಳುತ್ತಿದ್ದರಂತೆ. ಮೇಡಂ ಹೇಳಿದ್ದನ್ನು ಅವಳು ನನಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಮಾಡಹಾಗಲದ ಹುಚ್ಚು ಹಿಡಿದದ್ದೂ ಅಲ್ಲಿಂದಲೇ. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡು ಕಾಯಿ ಬಿಡುವುದಿಲ್ಲ, ಅದಿಲ್ಲದೆ ಹೆಣ್ಣೂ ಕಾಯಿ ಬಿಡುವುದಿಲ್ಲ. ಕುದ್ರೋಳಿಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಬಿದ್ದ ಗೋಡೆ ಇತ್ತು. ಅದರ ಮೇಲೆ ತಾನಾಗಿ ಹಬ್ಬಿದ್ದ ಗಂಡು ಬಳ್ಳಿಯ ಗೆಡ್ಡೆಯನ್ನು ಅವಳು ಅಗೆದು ತಂದಿದ್ದಳು. ಈಗ ಅಲ್ಲಿ ಫ್ಲ್ಯಾಟ್ ಎದ್ದಿದೆ. ಬೇರೆಯವರ ಮಾಡಹಾಗಲ ಜುಲೈ ಅರ್ಧ ಕಳೆದು ಆಟಿ ತಿಂಗಳಲ್ಲಿ ಹೂ ಬಿಟ್ಟರೆ, ಈ ಗಂಡು ಜೂನ್ ಮುಗಿಯುವ ಮೊದಲೇ ಅರಳುತ್ತಿತ್ತು. ಇದರ ಪರಾಗದಿಂದ ಆದ ಬೀಜಗಳನ್ನು ಅವಳು ತೋಟಕ್ಕೆ ಕೊಟ್ಟಳು. ಆ ಸಸಿಗಳಲ್ಲೂ ಕೆಲವು ಬೇಗ ಹೂ ಬಿಟ್ಟವು. ಹಾಗಾದರೆ ಈ ಗುಣ ಯಾವ ಜೀನಿನಲ್ಲಿ ಕುಳಿತಿದೆ ಎಂದು ಹುಡುಕಲು ಅಲ್ಲಿಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಹೊರಟಳು. ಆ ಹುಡುಗಿ ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದಳು, ನನ್ನನ್ನು ಅಂಕಲ್.

"ನಾನು ಅಕ್ಕ, ಇವರು ಅಂಕಲ್. ಅಂದರೆ ನಾನು ಇವರಿಗೆ ಎಂತ ಆಗಬೇಕು?" ಎಂದು ನನ್ನ ಹೆಂಡತಿ ಅವಳನ್ನು ಕಾಡುತ್ತಿದ್ದಳು.

ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜಕ್ಕೆ ತಾರಸಿಯಲ್ಲಿ ಊಟದ ವ್ಯವಸ್ಥೆಯಾಯಿತು. ಶಾಮಿಯಾನ ಹಾಕುವವರು ಬಕೆಟ್‌ಗಳನ್ನೆಲ್ಲ ಎಳೆದು ಮೂಲೆಗೆ ತಳ್ಳಿದರು. ಊಟ ಮುಗಿದ ಮೇಲೆ ತೊಕ್ಕೊಟ್ಟಿನಿಂದ ಬಂದಿದ್ದ ನನ್ನ ಅಕ್ಕ ಹೇಳಿದಳು: "ನೀನು ನೀರು ಹಾಕುವ ಜನ ಅಲ್ಲ. ಸೂತಕ ಕಳೆಯಿತಲ್ಲ, ಬೇಕಾದವರಿಗೆ ಒಂದೊಂದು ಕೊಡು. ಅವಳ ಕೈಯದ್ದು ನಾಲ್ಕು ಕಡೆ ಬದುಕಲಿ."

ನನಗೂ ಸರಿ ಅನಿಸಿತು. ಒಂದನ್ನು ಅಕ್ಕನೇ ಆಟೋದಲ್ಲಿಟ್ಟುಕೊಂಡಳು. ಇನ್ನೊಂದನ್ನು ಪಕ್ಕದ ದಿನಸಿ ಅಂಗಡಿಯವರ ಮನೆಗೆ ಕೊಟ್ಟೆ. ಬ್ಯಾರಿ ಮುಸ್ಲಿಮರು, ಆ ಮನೆಯಾಕೆ ಇವಳ ಗೆಳತಿ. ಮತ್ತೊಂದು ನನ್ನ ಹಳೆಯ ವರ್ಕ್‌ಶಾಪ್ ಗೆಳೆಯನಿಗೆ. ನಾಲ್ಕನೆಯದನ್ನು ಒಬ್ಬ ಹೆಂಗಸು ಕೇಳಿದರು. "ಹೂ ಮುಟ್ಟಿಸಲಿಕ್ಕೆ ನನಗೆ ಅವರೇ ಹೇಳಿಕೊಟ್ಟದ್ದು. ಇದನ್ನು ಕೊಂಡುಹೋಗ್ಲಾ?" ನಾನು ತಲೆಯಾಡಿಸಿದೆ. ಮುಖ ನೋಡಲಿಲ್ಲ. ಅಂದು ನಾನು ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಮೇ ಕೊನೆಯಲ್ಲಿ ಉಳಿದ ಮೂರು ಬಕೆಟ್‌ಗಳಲ್ಲಿ ಚಿಗುರು ಬಂತು. ಆ ವಾರವೇ ವಿದ್ಯಾರ್ಥಿನಿ ಬಂದಳು. ಸ್ವಲ್ಪ ಅತ್ತಳು, ಚಾ ಕುಡಿದಳು, ಆಮೇಲೆ ಬಂದ ವಿಷಯ ಹೇಳಿದಳು.

"ಅಂಕಲ್, ಗಂಡಿನ ಎಲೆ ಬೇಕಿತ್ತು. ಹೋದ ವರ್ಷ ತೆಗೆದದ್ದು ಕೆಟ್ಟು ಹೋಯ್ತು. ಗೆಡ್ಡೆಯ ಒಂದು ಚೂರು ಕೊಡಿ ಅಂತ ಅಕ್ಕನ ಹತ್ರ ಕೇಳಿದ್ದೆ. ಮಲಗಿದವನಿಗೆ ಕತ್ತಿ ಹಾಕ್ಬೇಡ, ಮಳೆ ಬರ್ಲಿ, ಎಲೆ ಕೊಡ್ತೇನೆ ಅಂದಿದ್ರು."

"ಯಾವುದು ಗಂಡು ಅಂತ ನನಗೆ ಗೊತ್ತಿಲ್ಲ ಮಗಾ. ಹೂ ಬರುವವರೆಗೆ ಕಾಯಬೇಕು."

"ಬೇಡ, ಎಲೆ ಸಾಕು. ಗಂಡಿನಲ್ಲಿ ಮಾತ್ರ ಇರುವ ಒಂದು ಸಣ್ಣ ತುಂಡು ಡಿಎನ್‌ಎ ಉಂಟು. ಲ್ಯಾಬಿನಲ್ಲಿ ಅದನ್ನು ಪ್ರತಿ ಮಾಡ್ತಾ ಹೋಗ್ತೇವೆ. ಇದ್ರೆ ಒಂದು ಗೆರೆ ಕಾಣ್ತದೆ, ಇಲ್ದಿದ್ರೆ ಇಲ್ಲ."

ಅದು ನನಗೆ ಅರ್ಥವಾಯಿತು. ವರ್ಕ್‌ಶಾಪಿನ ಗೇಜಿನ ಹಾಗೆಯೇ. ತೂತಿನೊಳಗೆ ಹೋದರೆ ಹೋಯಿತು, ಹೋಗದಿದ್ದರೆ ಇಲ್ಲ, ನಡುವೆ ಮಾತಿಲ್ಲ. ಅವಳು ಮೂರು ಬಳ್ಳಿಗಳಿಂದ ಉಗುರಿನಷ್ಟು ಎಲೆ ಕತ್ತರಿಸಿ, ಪುಟ್ಟ ಕೊಳವೆಗಳಲ್ಲಿ ಹಾಕಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಕೊಂಡೊಯ್ದಳು. ನಾಲ್ಕು ದಿನ ಬಿಟ್ಟು ಫೋನ್ ಬಂತು.

"ಅಂಕಲ್, ಮೂವರೂ ಲೇಡೀಸ್."

ಆಗ ನನಗೆ ನಾನು ಮಾಡಿದ್ದು ಏನೆಂದು ತಿಳಿಯಿತು. ಆ ಗಂಡು ಬಳ್ಳಿಯನ್ನು ನಾನೇ ಯಾರಿಗೋ ಎತ್ತಿ ಕೊಟ್ಟಿದ್ದೆ.

ಮರುದಿನದಿಂದಲೇ ತಿರುಗಾಟ ಶುರುವಾಯಿತು. ವಿದ್ಯಾರ್ಥಿನಿ ಕೊಳವೆಗಳನ್ನು ಕೊಟ್ಟಳು, ಡಬ್ಬಿ ನನ್ನದು. ಮೀನಿನ ಡಬ್ಬಿ. ಮೂರು ಸಲ ಸಾಬೂನು ಹಾಕಿ ತೊಳೆದೆ. ಮೊದಲು ಪಕ್ಕದ ಮನೆ. ಬಾಗಿಲು ತೆರೆದ ಇವಳ ಗೆಳತಿ ಡಬ್ಬಿ ನೋಡಿ, "ಎಂತ ಅಣ್ಣ, ಮೀನು ಮಾರ್ಲಿಕ್ಕೆ ಶುರು ಮಾಡಿದ್ರಾ?" ಎಂದರು. ಒಂದು ಎಲೆ ಸಾಕು ಎಂದೆ. "ಒಂದೇ ಎಲೆಯಾ? ಪತ್ರೊಡೆಗೆ ಸಾಕಾಗ್ಲಿಕ್ಕಿಲ್ಲ." ಅವರ ಬಳ್ಳಿ ಕಿಟಕಿಯ ಸರಳುಗಳಿಗೆಲ್ಲ ಸುತ್ತಿಕೊಂಡಿತ್ತು. ಕತ್ತರಿಸುವಾಗ ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ತೊಕ್ಕೊಟ್ಟಿನಲ್ಲಿ ಅಕ್ಕ ಬಳ್ಳಿಯ ಮುಂದೆ ಅಡ್ಡ ನಿಂತಳು. "ಕೊಟ್ಟದ್ದನ್ನು ವಾಪಸ್ ಕೇಳ್ಲಿಕ್ಕೆ ಬಂದದ್ದಾ?"

"ಎಲೆ ಮಾತ್ರ."

"ಗಂಡು ಅಂತಾದ್ರೆ?"

"ಗಂಡು ಅಂತಾದ್ರೆ ಬಳ್ಳಿಯೂ ಬೇಕು."

"ಹಾಗಾದ್ರೆ ಇದು ಹೆಣ್ಣೇ. ನನಗೆ ಗೊತ್ತುಂಟು. ಬಾ, ಊಟ ಮಾಡು."

ಬೈಕಂಪಾಡಿಯಲ್ಲಿ ಗೆಳೆಯ ಬಕೆಟನ್ನು ಕಂಪ್ರೆಸರಿನ ಪಕ್ಕ ಇಟ್ಟಿದ್ದ. ಎಲೆಯ ಮೇಲೆಲ್ಲ ಕಬ್ಬಿಣದ ಪುಡಿ. ಸುರುಳಿ ಸುತ್ತಿದ ಕುಡಿಬಳ್ಳಿಯನ್ನು ಬೆರಳಲ್ಲಿ ಎತ್ತಿ ತೋರಿಸಿದ. "ನೋಡು ಮೀಸೆ! ಇದು ಗಂಡಲ್ಲದೆ ಮತ್ತೆಂತ? ಲ್ಯಾಬು ಬೇಡ ಮಾರಾಯ, ನಾನು ಬರೆದು ಕೊಡ್ತೇನೆ."

ಅದೂ ಹೆಣ್ಣು. ಅಕ್ಕನದೂ ಹೆಣ್ಣು. ಪಕ್ಕದ ಮನೆಯದೂ ಹೆಣ್ಣು. ಅಕ್ಕ ಫೋನಿನಲ್ಲಿ, "ನಾನು ಹೇಳಲಿಲ್ವಾ? ಲ್ಯಾಬಿನಲ್ಲಿ ನನ್ನನ್ನೂ ಕೆಲಸಕ್ಕೆ ತೆಗೆದುಕೊಳ್ಳಲಿ," ಎಂದಳು.

ಉಳಿದದ್ದು ಆ ಹೆಂಗಸು ಕೊಂಡುಹೋದ ಬಕೆಟ್.

ವಿದ್ಯಾರ್ಥಿನಿ ನನ್ನನ್ನು ಬೈಯಲಿಲ್ಲ. ಆರು ತಾಯಂದಿರ ಎಲೆಯೂ ಮಕ್ಕಳ ಎಲೆಯೂ ಅವಳ ಹತ್ತಿರ ಇತ್ತು. "ಮಕ್ಕಳನ್ನು ನೋಡಿ ಅಪ್ಪನ ಜೀನು ಎಂತದ್ದು ಅಂತ ಊಹಿಸಬಹುದು ಅಂಕಲ್. ಕೆಲಸ ನಿಲ್ಲುವುದಿಲ್ಲ. ಆದ್ರೆ ಊಹಿಸಿದ್ದನ್ನು ನೆಟ್ಟು ಬೆಳೆಸ್ಲಿಕ್ಕೆ ಆಗುವುದಿಲ್ಲ ಅಲ್ವಾ? ಅವನಿಂದ ಹೊಸ ಬೀಜ ಬೇಕಾದ್ರೆ ಅವನೇ ಬೇಕು."

ಜುಲೈಯಲ್ಲಿ ನನ್ನ ಬಳ್ಳಿಗಳು ಹೂ ಬಿಟ್ಟವು. ವಿದ್ಯಾರ್ಥಿನಿ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ತೋಟದ ಬೇರೊಂದು ಗಂಡು ಬಳ್ಳಿಯ ಹೂವುಗಳನ್ನು ಟಿಫಿನ್ ಡಬ್ಬಿಯಲ್ಲಿ ತಂದುಕೊಟ್ಟಳು. ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗಂಡು ಹೂ ಹಿಡಿದು, ಹೆಣ್ಣು ಹೂವಿಗೆ ಮುಟ್ಟಿಸಿದೆ. ಮೊದಲ ವಾರ ಎಲ್ಲ ಉದುರಿದವು. "ಅಂಕಲ್, ಅದು ಹೂವು, ನಟ್ಟು-ಬೋಲ್ಟ್ ಅಲ್ಲ. ಮೆಲ್ಲ," ಎಂದಳು ಅವಳು. ಎರಡನೆಯ ವಾರ ಮೂರು ಹೂವಿನ ಬುಡ ದಪ್ಪವಾಯಿತು. ಎದ್ದ ಕೂಡಲೇ ತಾರಸಿ ಹತ್ತುವುದು ರೂಢಿಯಾಯಿತು. ಬಳ್ಳಿ ಕೊಂಡುಹೋದವರಿಗೂ ಹೂ ಹಂಚಿದೆ. ಅಷ್ಟಮಿಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಕಾಯಿ. ಪಕ್ಕದ ಮನೆಯವರು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ಕಳುಹಿಸಿದರು. ಗೆಳೆಯ ಎರಡೇ ಎರಡು ಕಾಯಿ ಹಿಡಿದುಕೊಂಡು ಬೈಕಂಪಾಡಿಯಿಂದ ಬಸ್ಸಿನಲ್ಲಿ ಬಂದ. ಇಬ್ಬರೂ ಸೇರಿ ಪಲ್ಯ ಮಾಡಿದೆವು. ಉಪ್ಪು ಹೆಚ್ಚಾಗಿತ್ತು, ಆದರೂ ಪೂರ್ತಿ ತಿಂದೆವು.

ಆ ಹೆಂಗಸನ್ನು ಹುಡುಕಿದೆ. ತೋಟದಲ್ಲಿ ಕೆಲಸದವರನ್ನೆಲ್ಲ ಕೇಳಿದೆ. ನನ್ನ ಹೆಂಡತಿ ಬಸ್ ಹತ್ತುತ್ತಿದ್ದ ಸ್ಟಾಪಿನಲ್ಲಿ ಬೆಳಿಗ್ಗೆ ಹೊತ್ತು ಹೋಗಿ ನಿಂತೆ. ತರಕಾರಿ ಮಾರುವವರಲ್ಲಿ ಹೇಳಿಟ್ಟೆ. ತುಂಬ ಜನರಿಗೆ ಅವಳು ಹೂ ಮುಟ್ಟಿಸುವುದನ್ನು ಕಲಿಸಿದ್ದಳು ಎಂದು ಹೀಗೆ ಕೇಳುತ್ತಾ ಹೋದಾಗಲೇ ನನಗೆ ತಿಳಿದದ್ದು. ಒಬ್ಬೊಬ್ಬರೂ ನಿಲ್ಲಿಸಿ ಅವಳ ಒಂದೊಂದು ಮಾತು ಹೇಳಿದರು. ಅವರಲ್ಲಿ ಯಾರೂ ಅಂದು ಬಕೆಟ್ ಕೊಂಡುಹೋದವರಲ್ಲ.

ಈಗ ಅಕ್ಟೋಬರ್. ಬಳ್ಳಿಗಳು ಹಳದಿಯಾಗುತ್ತಿವೆ. ಇನ್ನು ಮೇ ತಿಂಗಳವರೆಗೆ ಯಾರ ಮನೆಯಲ್ಲೂ ಎಲೆ ಇರುವುದಿಲ್ಲ. ಆರು ಬಕೆಟ್ ಎಲ್ಲೆಲ್ಲಿವೆ ಎಂದು ನನಗೆ ಗೊತ್ತು. ಗಂಡು ಇನ್ನೂ ಸಿಕ್ಕಿಲ್ಲ.