ಕೊಂಡಿಗೆ ಬಿಡದ ತುಂಡು

ಎಂಬತ್ತರ ದಶಕದ ಕೊನೆ. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ಗುಡಿಗೆ ಹೋದ ಹಾಗೆ. ಅವತ್ತು ನನಗೆ ಪ್ರಾಕ್ಟಿಕಲ್ ಪರೀಕ್ಷೆ, ಅದೂ ಎರಡನೇ ಸಲ. ಇಳಕಲ್ಲಿನಲ್ಲಿ ಬಸ್ಸು ಹತ್ತುವಾಗ ಅಪ್ಪ ಹೇಳಿದ್ದ: “ಈ ಸಲಾನೂ ನಪಾಸಾದ್ರ ಸಾಲಿ ಸಾಕು. ಮಗ್ಗಕ್ಕ ಕುಂದ್ರು.” ನೇಯುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಅದೇ ನನ್ನ ಭಯ.

ಬೇಸಿಕ್ ಭಾಷೆಯಲ್ಲಿ ಒಂದು ಪ್ರಶ್ನೆ. ಬಾದಾಮಿ, ಹುನಗುಂದ, ಇಳಕಲ್ ಎಂಬ ಹೆಸರುಗಳನ್ನು ನಡುವೆ ಅಡ್ಡಗೆರೆ ಹಾಕಿ ಇಂಗ್ಲಿಷಿನಲ್ಲಿ ಒಂದೇ ಸಾಲಾಗಿ ಕೊಟ್ಟಿದ್ದರು. ಅದರೊಳಗಿನ ಹುನಗುಂದವನ್ನಷ್ಟೇ ಕತ್ತರಿಸಿ ತೆರೆಯ ಮೇಲೆ ತರಬೇಕು. ಎಷ್ಟನೇ ಅಕ್ಷರದಿಂದ, ಎಷ್ಟು ಅಕ್ಷರ ಎಂದು ಯಂತ್ರಕ್ಕೆ ಹೇಳಿದರೆ ಮುಗಿಯಿತು. ಇದೇನು ಮಹಾ ಎಂದುಕೊಂಡು ಒತ್ತಿದೆ. ಹುನಗುಂದ ಬಂತು, ಎರಡೂ ಬದಿಗೆ ಅಡ್ಡಗೆರೆ ಕಚ್ಚಿಕೊಂಡು.

“ಏನವಾ ಇದು? ಹಿಂದೊಂದು ಮುಂದೊಂದು ಬಾಲ ಯಾಕ?” ಬೆನ್ನ ಹಿಂದೆಯೇ ನಿಂತಿದ್ದ ಪರೀಕ್ಷಕರು ಕೇಳಿದರು. “ಇನ್ನೊಂದು ಸಲ ನೋಡ್ತೇನಿ, ಅಷ್ಟ.”

ಮತ್ತೆ ಎಣಿಸಿದೆ. ಈ ಸಲ ಎಣಿಕೆ ಸರಿಯಾಗಿಯೇ ಬಂತು. ಆದರೂ ಬೆರಳು ಮೊದಲು ಒತ್ತಿದ್ದ ತಪ್ಪು ಅಂಕಿಗಳ ಕಡೆಗೇ ಹೊರಟಿತು: ಶುರುವಿಗೆ ಒಂದಕ್ಷರ ಹೆಚ್ಚು, ಕೊನೆಗೆ ಒಂದಕ್ಷರ ಹೆಚ್ಚು. ಆಗ ಹೊಳೆಯಿತು. ನಮ್ಮ ಇಳಕಲ್ ಸೀರೆಗೆ ಮಗ್ಗದ ಉದ್ದಕ್ಕೆ ಕಟ್ಟುವ ಎಳೆಗಳು, ಅಂದರೆ ಹಾಸು, ಒಡಲಿಗೆ ಬೇರೆ, ಸೆರಗಿಗೆ ಬೇರೆ. ಎರಡರ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸುತ್ತೇವೆ. ನೂಲು ಕತ್ತರಿಸುವಾಗ ತುದಿಯಲ್ಲಿ ಕೊಂಡಿಗೆಂದು ಚೂರು ಹೆಚ್ಚಿಗೆ ಬಿಡದಿದ್ದರೆ ಅವ್ವನ ಬೈಗುಳ ಓಣಿಗೆಲ್ಲ ಕೇಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಪರೀಕ್ಷೆಯ ಹೊತ್ತಿಗೇ ಅದು ಖರೆಯಾಗಬೇಕೆ? ನನ್ನ ಕೈಯ ಮೇಲೆಯೇ ಸಿಟ್ಟು ಬಂತು. ಅಂಚಿಗೆ ಸರಿಯಾಗಿ, ಏನೂ ಬಿಡದೆ, ಕತ್ತರಿಸಿ ಒತ್ತಿದೆ. ಹುನಗುಂದ ಒಂಟಿಯಾಗಿ ಬಂದು ನಿಂತಿತು. ಪರೀಕ್ಷಕರು “ಹ್ಞಾಂ” ಎಂದು ಮುಂದಿನವರ ಕಡೆ ಹೋದರು.

ಪಾಸಾದ ಸುದ್ದಿ ತಂದ ದಿನ ಅವ್ವ ಮಗ್ಗದಲ್ಲಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಲಾಳಿ ನಿಲ್ಲಿಸಿ, ನಕ್ಕು, ಆಮೇಲೆ ಕೇಳಿದಳು:

“ತುದಿಗೆ ಏನೂ ಬಿಡಲಿಲ್ಲೇನು? ಮತ್ತ ತಿರುಗಿ ಹ್ಯಾಂಗ ಕೂಡಸ್ತಿ?”

“ಅಲ್ಲಿ ಕೂಡಸಂಗಿಲ್ಲಬೇ.”

ಅವ್ವನ ಮುಖದ ಮೇಲಿನ ನಗು ಹೋಗಿತ್ತು. ಮತ್ತೆ ಲಾಳಿ ಓಡತೊಡಗಿತು. ಕೊಂಡಿಗೆ ಏನೂ ಬಿಡದೆ ನಾನು ಕತ್ತರಿಸಿದ್ದು ಹುನಗುಂದವನ್ನಷ್ಟೇ ಅಲ್ಲ ಅನ್ನಿಸಿ, ಗೆದ್ದು ಬಂದ ನನಗೆ ಅಳು ತಡೆಯಲಾಗಲಿಲ್ಲ.